ಏರಿಗೂ ಬೆನ್ನಿಗೂ ಒಗ್ಗಬೇಕಾದ ಕಾರು

ಡಿಸೆಂಬರಿನ ಒಂದು ಬುಧವಾರ, ಬೆಳಗಿನ ಆರು ಗಂಟೆ. ಗೋಕಾಕದಿಂದ ಫಾಲ್ಸಿನ ಕಡೆಗೆ ಏರು ಶುರುವಾಗುವಲ್ಲಿ ಮೆಕ್ಯಾನಿಕ್ ಉದ್ದಪ್ಪ ಕಾರು ನಿಲ್ಲಿಸುತ್ತಾರೆ. ಬಾನೆಟ್ ಎತ್ತಿ, ಗೆರೆ ಹೊಡೆದ ಗಾಜಿನ ಸಲೈನ್ ಬಾಟಲಿಯೊಂದನ್ನು ತಂತಿಯಿಂದ ಕಟ್ಟುತ್ತಾರೆ. ಒಳಗೆ ನೂರು ಮಿಲಿ ಪೆಟ್ರೋಲು. ಅದರ ಕೊಳವೆಯ ತುದಿ ಎಂಜಿನ್ನಿಗೆ. ಪಕ್ಕದ ಸೀಟಿನ ಮೇಲೆ ಕಂಠದವರೆಗೆ ನೀರು ತುಂಬಿದ ಹಿತ್ತಾಳೆ ಚರಿಗೆ. ಕೊನೆಗೆ ಚಳಿಗೆಂದು ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚುತ್ತಾರೆ. "ಕಿವಿ ಮುಚ್ಚಿದ್ರ ಎಂಜಿನ್ ಏನ ಹೇಳತೈತಿ ತಿಳಿಯೂದಿಲ್ರಿ."

ಬಾಟಲಿ ಬರಿದಾಗುವವರೆಗೆ ಎಷ್ಟು ದೂರ ಓಡಿತೋ ಅದು ಎಣ್ಣೆಯ ಲೆಕ್ಕ. ಚರಿಗೆಯಿಂದ ಎಷ್ಟು ನೀರು ತುಳುಕಿತೋ ಅದು ಸುಖದ ಲೆಕ್ಕ. ಮೂರನೇ ಗೇರಿನಲ್ಲೇ ಏರು ಹತ್ತಿತೋ ಇಲ್ಲವೋ, ಅದು ದಮ್ಮಿನ ಲೆಕ್ಕ. ಇವತ್ತು ನೀರು ಒಂದು ಹನಿಯೂ ತುಳುಕಿಲ್ಲ. ಆದರೆ ಕಾರು ಅರ್ಧ ಏರಿನಲ್ಲೇ ಏದುಸಿರು ಬಿಟ್ಟು ಎರಡನೇ ಗೇರು ಬೇಡುತ್ತದೆ. ಸಾವಿರದ ನಾನೂರು ಮೀಟರ್ ಓಡಬೇಕಾದಲ್ಲಿ ಸಾವಿರದ ನೂರಕ್ಕೇ ಬಾಟಲಿ ಖಾಲಿ.

"ಮೂರೂ ಒಮ್ಮೆಲೆ ಬರೂದಿಲ್ರಿ," ಎಂದು ಉದ್ದಪ್ಪ ನಗುತ್ತಾರೆ. "ಮೂರ ಮಂದಿ ಸೊಸಿಯಾರನ್ನ ಒಂದ ಒಲಿ ಮುಂದ ಕುಂದ್ರಿಸಿದಂಗ. ಇಬ್ಬರು ಸುಮ್ಮನಾಗೂದ್ರಾಗ ಒಬ್ಬಾಕಿ ಸಿಟ್ಟಾಗಿ ಎದ್ದ ಹೋಗ್ತಾಳ."

ನಲವತ್ಮೂರರ ಉದ್ದಪ್ಪ ಮೇಲವಂಕಿಯ ಕೂಲಿ ಮನೆತನದವರು. ಓದಿದ್ದು ನಾಲ್ಕನೇ ಇಯತ್ತೆ. ಮೂಡಲಗಿಯ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೈ ಪಳಗಿಸಿಕೊಂಡು ಗೋಕಾಕಿಗೆ ಬಂದು ಇಪ್ಪತ್ತೆರಡು ವರ್ಷ. ಅವರ ಗ್ಯಾರೇಜಿಗೆ ದಿನಕ್ಕೆ ಐದಾರು ಟೆಂಪೊ, ಟ್ರ್ಯಾಕ್ಟರ್ ಬರುತ್ತವೆ. ರೇಡಿಯೇಟರಿನ ಕುದಿನೀರು ಬಿದ್ದು ಬಲಗೈಯ ಎರಡು ಬೆರಳು ಮರಗಟ್ಟಿವೆ. ಸೂಕ್ಷ್ಮದ ಸ್ಕ್ರೂಗಳನ್ನೆಲ್ಲ ಎಡಗೈಯಿಂದಲೇ ತಿರುಗಿಸುತ್ತಾರೆ, ಕಾಲು ಸುತ್ತಿನಲ್ಲೂ ಕಾಲು ಭಾಗದಷ್ಟು ನವಿರಾಗಿ, ಕಣ್ಣು ಮುಚ್ಚಿಕೊಂಡು.

ಈ ಕಾರು ಮಾತ್ರ ಬೇರೆಯೇ ಜಾತಿಯದು. ಎರಡೇ ಬಾಗಿಲು, ಹಿಂದಕ್ಕೆ ಇಳಿಜಾರಾದ ಛಾವಣಿ, ನೆಲಕ್ಕೆ ತಾಗುವಂಥ ಹೊಟ್ಟೆ. ಯಾರೋ ಪರದೇಶದಿಂದ ತರಿಸಿ, ಹುಕ್ಕೇರಿಯ ಗಾಣದ ಮನೆಯೊಂದರಲ್ಲಿ ಬಿಟ್ಟಿದ್ದರು. ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಗೋಕಾಕದ ಹತ್ತಿ ವ್ಯಾಪಾರಿ ಧನ್ಯಕುಮಾರ ಅದನ್ನು ಎಳೆಸಿ ತಂದರು. ಬಿಡಿಭಾಗ ಎಲ್ಲೂ ಸಿಗಲಿಲ್ಲ. ಸಿಗದ್ದನ್ನೆಲ್ಲ ಉದ್ದಪ್ಪ ಲೇತ್ ಮೇಲೆ ಕಡೆಸಿ, ಅರದಿಂದ ಉಜ್ಜಿ ಕೂಡಿಸಿದರು. ಎಂಟು ತಿಂಗಳ ಮೇಲೆ ಎಂಜಿನ್ ಉಸಿರಾಡಿದ ದಿನ ಅವರು ಊಟ ಮಾಡಲಿಲ್ಲವಂತೆ. ಹಸಿವೇ ಆಗಲಿಲ್ಲವಂತೆ.

ಕಂಟಕ ಬಂದದ್ದು ಆಮೇಲೆ. ಧನ್ಯಕುಮಾರರ ತಾಯಿ ರಾಜಮತಿಯವರಿಗೆ ಬೆನ್ನುನೋವು. ಹದಿನೈದು ದಿನಕ್ಕೊಮ್ಮೆ ಘಟಪ್ರಭಾದ ಆಸ್ಪತ್ರೆಗೆ ಹೋಗಬೇಕು. ಈ ಕಾರಿನಲ್ಲಿ ಹೋದ ಮೊದಲ ಸಲವೇ ಅವರು ನೋವಿಗೆ ಕಣ್ಣೀರು ಹಾಕಿದರು. ಉದ್ದಪ್ಪ ಸ್ಪ್ರಿಂಗ್ ಮೆತ್ತಗೆ ಮಾಡಿ, ಗಾಲಿಯ ಗಾಳಿಯನ್ನು ಇಪ್ಪತ್ತೆಂಟರಿಂದ ಇಪ್ಪತ್ತಕ್ಕೆ ಇಳಿಸಿದರು. ಅದರಿಂದಲೇ ಎಣ್ಣೆ ಹೆಚ್ಚು ಕುಡಿಯತೊಡಗಿತು, ದಮ್ಮೂ ಹೋಯಿತು. ಇಷ್ಟಾಗಿಯೂ ಎರಡನೇ ಸಲ ಬೆನ್ನು ಹಾಗೇ ನೊಂದಿತು.

"ಉದ್ದಪ್ಪಾ, ಆಯಿ ಕೂಡಾಕ ಆಗದ ಗಾಡಿ ನನ್ನ ಮನ್ಯಾಗ ಯಾಕ?" ಎಂದರು ಧನ್ಯಕುಮಾರ. "ಈ ಶುಕ್ರವಾರ ಕಡೀ ಸಲ ನೋಡ್ತೇನಿ. ಆಗಲಿಲ್ಲಂದ್ರ ಕೊಲ್ಲಾಪುರದಾಂವ ಕೇಳ್ಯಾನ, ಕೊಟ್ಟಬಿಡ್ತೇನಿ."

ಬುಧವಾರ ಮಧ್ಯಾಹ್ನ ಬುತ್ತಿ ತಂದ ಹೆಂಡತಿ ಕರೆವ್ವನಿಗೆ ಉದ್ದಪ್ಪ ಕಾರಿನ ಬಾಗಿಲು ತೆರೆದು ಕೂಡು ಎನ್ನುತ್ತಾರೆ.

"ಸಾವಕಾರ್ರ ಗಾಡ್ಯಾಗ ನಾನಾ? ಯಾರರ ನೋಡಿದ್ರ ಏನಂದಾರು?"

"ಚರಿಗಿ ಮಾತಾಡೂದಿಲ್ಲ. ನೀ ಮಾತಾಡ್ತಿ. ಕೂಡು."

"ನಾ ಮಾತಾಡೂದು ಇಪ್ಪತ್ತ ವರ್ಷಕ್ಕ ಇವತ್ತ ಕೇಳಿಸ್ತು ನೋಡ್ರಿ ನಿಮಗ!"

ಕರೆವ್ವ ಚಪ್ಪಲಿ ಬಿಟ್ಟು ಒಳಗೆ ಕೂಡುತ್ತಾರೆ. ಕೂತವರು ಎರಡೂ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕುತ್ತಾರೆ. ಮನೆಯಲ್ಲಿ, ಎತ್ತಿನ ಗಾಡಿಯಲ್ಲಿ, ಬಸ್ಸಿನಲ್ಲಿ ಈ ಕಡೆಯ ಹೆಣ್ಣುಮಕ್ಕಳು ಕೂಡುವುದೇ ಹಾಗೆ. "ಅಯ್ಯ, ಇದೇನ ಸೀಟೋ ಇಕ್ಕಳೋ! ಎರಡೂ ಕಡೆ ತೊಡಿ ಒತ್ತತೈತಿ. ಸೊಂಟ ಮುಂದ ಜಾರತೈತಿ."

ಉದ್ದಪ್ಪ ಬಗ್ಗಿ ಸೀಟಿನ ಅಂಚು ಮುಟ್ಟಿ ನೋಡುತ್ತಾರೆ. ವೇಗದ ತಿರುವಿನಲ್ಲಿ ಕೂತವರು ವಾಲಬಾರದೆಂದು ಆ ಸೀಟಿಗೆ ಎರಡೂ ಕಡೆ ಎತ್ತರದ ಅಂಚು ಕಟ್ಟಿದ್ದಾರೆ. ಕಾಲು ಇಳಿಬಿಟ್ಟು ಕೂಡುವವರ ಅಳತೆ ಅದು. ರಾಜಮತಿಯವರೂ ಕಾಲು ಮಡಚಿಯೇ ಕೂಡುವವರು. "ಆಯಿಯವರ ಬೆನ್ನಿಗಿ ಪೆಟ್ಟ ಕೊಟ್ಟಿದ್ದು ರಸ್ತೆ ಅಲ್ರಿ, ಸೀಟು," ಎನ್ನುತ್ತಾರೆ ಉದ್ದಪ್ಪ. "ನಾ ಒಂದ ತಿಂಗಳ ಸುಮ್ಮನ ಗಾಲಿ ಜೋಡಿ ಜಗಳಾ ತಗದೇನಿ. ಎಂದೂ ಆ ಬಾಜೂ ಕುಂತ ನೋಡಿದಾಂವಲ್ಲ."

ಅಂದೇ ಆ ಒಂದು ಸೀಟಿನ ಹೊಲಿಗೆ ಬಿಚ್ಚಿ, ಅಂಚು ಕತ್ತರಿಸಿ, ಅಗಲ ಮಾಡುತ್ತಾರೆ. ಅಡಿಗೆ ತೆಂಗಿನ ನಾರು, ಮೇಲೆ ಹತ್ತಿ. ಹತ್ತಿ ತುಂಬುವುದು ಕರೆವ್ವ; ಒಂದೊಂದು ಹಿಡಿ ತುಂಬಿದಾಗಲೂ ತಾವೇ ಕೂತು ನೋಡುತ್ತಾರೆ. ಸ್ಪ್ರಿಂಗ್ ಮತ್ತೆ ಬಿಗಿ, ಗಾಳಿ ಮತ್ತೆ ಇಪ್ಪತ್ತೆಂಟು. ಗುರುವಾರ ನಸುಕಿನಲ್ಲಿ ಕಾರು ಮೂರನೇ ಗೇರಿನಲ್ಲೇ ಏರು ನುಂಗಿ, ಬಾಟಲಿ ಬರಿದಾಗುವಾಗ ಸಾವಿರದ ನಾನೂರು ದಾಟಿರುತ್ತದೆ. ಚರಿಗೆ ಮಾತ್ರ ಕಾಲು ಭಾಗ ತುಳುಕಿದೆ. "ತುಳಕಲಿ ಬಿಡ್ರಿ. ಅದಕ್ಕೇನ ಬೆನ್ನ ಐತೇನ?" ಎನ್ನುತ್ತಾರೆ ಉದ್ದಪ್ಪ.

ಶುಕ್ರವಾರ ತಾಯಿ, ಮಗ ಆಸ್ಪತ್ರೆಗೆ ಹೊರಡುತ್ತಾರೆ. ಉದ್ದಪ್ಪ ಟೆಂಪೊ ಒಂದರ ಅಡಿಗೆ ತೂರಿಕೊಂಡು, ಒಂದೇ ನಟ್ಟನ್ನು ಮೂರು ಸಲ ಬಿಗಿ ಮಾಡುತ್ತಾರೆ. ಎರಡು ಗಂಟೆಗೆ ಕಾರು ಗ್ಯಾರೇಜಿನ ಮುಂದೆ ನಿಲ್ಲುತ್ತದೆ. ಧನ್ಯಕುಮಾರರ ಮುಖ ಅರಳಿದೆ. "ಏರಿನ್ಯಾಗ ನಾಕ ಕಬ್ಬಿನ ಟ್ರ್ಯಾಕ್ಟರ್ ಹಿಂದ ಹಾಕಿದ್ನಿ!"

ಕಾಲು ಮಡಚಿ ಕೂತಿದ್ದ ರಾಜಮತಿ ಕಿಟಕಿಯಿಂದ ಕೈ ಹೊರಗೆ ಹಾಕಿ ಕರೆಯುತ್ತಾರೆ. "ಉದ್ದಪ್ಪಾ, ದಾರ್ಯಾಗ ಕೊಣ್ಣೂರ ಬಂದದ್ದ ಗೊತ್ತಾಗಲಿಲ್ಲೋ, ನಿದ್ದಿ ಹತ್ತಿತ್ತು. ಇಂವ ಇನ್ನ ಗಾಡಿ ಮಾರತೇನಿ ಅಂದ್ರ ನನಗ ಹೇಳು."

ಕಾರು ಧೂಳೆಬ್ಬಿಸಿ ಹೋದ ಮೇಲೂ ಉದ್ದಪ್ಪ ರಸ್ತೆಯಂಚಿನಲ್ಲೇ ನಿಂತಿರುತ್ತಾರೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ, ಎಣ್ಣೆಗೈಯನ್ನು ಒರೆಸಿಕೊಳ್ಳುತ್ತ ಸಂಕೋಚದಿಂದ ಹೇಳುತ್ತಾರೆ:

"ಇಷ್ಟ ದಿನಾ ಒಳಗ ಕುಂತ ಬರೇ ಅದರ ಸಪ್ಪಳಾ ಕೇಳೇನ್ರಿ. ಮುಂದಿನ ಸಲ ಆಯಿಯವರು ದವಾಖಾನಿಗಿ ಹೊಂಟಾಗ, ಏರಿನ ಮ್ಯಾಲ ಒಂದ ಕಡೆ ನಿಂತು ಅದು ಹೆಂಗ ಹತ್ತತೈತಿ ಕಣ್ಲೆ ನೋಡಬೇಕು. ಕರೆವ್ವನ್ನೂ ಕರಕೊಂಡ ಹೋಗ್ತೇನ್ರಿ. ಅರ್ಧಾ ಕೆಲಸ ಆಕೀದು."