ಟ್ರಂಕಿನ ಮೇಲಿನ ದೀಪ

ಕಳೆದ ತಿಂಗಳ ಅಮಾವಾಸ್ಯೆಯ ದಿನ ಒಬ್ಬ ಹುಡುಗಿ ನಮ್ಮ ಮನೆಗೆ ಬಂದು, ಒಳಕೋಣೆಯ ಟ್ರಂಕಿನ ಮೇಲೆ ಉರಿಯುತ್ತಿದ್ದ ದೀಪವನ್ನು ಬಾಯಿಂದ ಊದಿ ಆರಿಸಿಬಿಟ್ಟಳು.

ಬಾಯಿಂದ. ಅದೂ ನನ್ನ ಎಂಬತ್ತಾರು ವರ್ಷದ ಅತ್ತೆಯ ಕಣ್ಣೆದುರು. ನಮ್ಮಲ್ಲಿ ದೀಪವನ್ನು ಹೂವಿನಿಂದ ಮೆಲ್ಲಗೆ ಶಾಂತ ಮಾಡುತ್ತಾರೆಯೇ ಹೊರತು ಊದುವುದಿಲ್ಲ. ಇವಳೋ ಬರ್ತ್‌ಡೇ ಕೇಕಿನ ಮೇಣದಬತ್ತಿ ಅಂದುಕೊಂಡಳೋ ಏನೋ. ನಾನು ಬೈಯಲು ಬಾಯಿ ತೆರೆಯುವುದರೊಳಗೆ ಊದುಬತ್ತಿಯನ್ನೂ ಕಿತ್ತುಕೊಂಡು ಬಾತ್‌ರೂಮಿಗೆ ಓಡಿ ಬಕೆಟ್ ನೀರಿನಲ್ಲಿ ಅದ್ದಿದಳು. 

"ಆಂಟಿ, ಇದರ ಮೇಲೆ ಎಷ್ಟು ದಿನದಿಂದ ದೀಪ ಇಡ್ತಿದ್ದೀರಿ?" ಅಂತ ಹಿಂದಿಯಲ್ಲಿ ಕೇಳಿದಳು.

ನಾನು ಮದುವೆಯಾಗಿ ಮುಂಬಯಿ ಪಕ್ಕದ ಈ ಡೊಂಬಿವಲಿಗೆ ಬಂದು ಮೂವತ್ತೊಂದು ವರ್ಷವಾಯಿತು. ಬಂದ ಮೊದಲ ತಿಂಗಳಿನಿಂದ ಪ್ರತಿ ಅಮಾವಾಸ್ಯೆಗೂ ನಾನೇ ಇಡುತ್ತಿದ್ದೇನೆ. ಅದಕ್ಕೆ ಮುಂಚೆ ಅತ್ತೆ ಇಡುತ್ತಿದ್ದರು. ಹಾಗೆಂದು ಹೇಳಿದೆ. ಹುಡುಗಿ ಗೋಡೆ ಹಿಡಿದುಕೊಂಡು ನೆಲದ ಮೇಲೆ ಕೂತಳು.

ಅವಳ ಹೆಸರು ಸಾನಿಕಾ. ಹಳೆಯ ಸಿನಿಮಾಗಳ ರೀಲು ಹುಡುಕಿ ಉಳಿಸುವ ಒಂದು ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಅವಳು ಬಂದದ್ದು ನನ್ನ ಬಾಯಿಬಡುಕತನದಿಂದ. ನಮ್ಮ ಅತ್ತೆಯ ದೊಡ್ಡಮ್ಮ ಮೂಕಿ ಚಿತ್ರಗಳ ಕಾಲದ ದೊಡ್ಡ ಸ್ಟಾರ್ ಅಂತ ಹಿಂದೊಮ್ಮೆ ಇದೇ ಅಂಕಣದಲ್ಲಿ ಕೊಚ್ಚಿಕೊಂಡಿದ್ದೆ. (ನಿಮ್ಮಲ್ಲಿ ಕೆಲವರು ಫೋನ್ ಮಾಡಿ ಬುರುಡೆ ಬಿಡಬೇಡಿ ಅಂದಿದ್ದಿರಿ. ಯಾರ್‍ಯಾರು ಅಂತ ನೆನಪಿದೆ.) ಊರಿನಲ್ಲಿ ರಾಜೀವಿ, ಪರದೆಯ ಮೇಲೆ ಮಿಸ್ ಮಂದಾರ. ಆ ಬರಹವನ್ನು ಯಾರೋ ಓದಿ ಸಾನಿಕಾಗೆ ಹೇಳಿದ್ದಾರೆ. ಮಿಸ್ ಮಂದಾರಳ ಒಂದೇ ಒಂದು ಸಿನಿಮಾ ಕೂಡ ಎಲ್ಲೂ ಉಳಿದಿಲ್ಲವಂತೆ. ನಿಮ್ಮ ಹತ್ತಿರ ಏನಾದರೂ ಇದೆಯಾ ಅಂತ ಎರಡು ತಿಂಗಳಿನಿಂದ ಫೋನ್ ಮಾಡುತ್ತಿದ್ದಳು.

ಇದ್ದದ್ದು ಆ ಟ್ರಂಕು. ಅದನ್ನು ಅಮಾವಾಸ್ಯೆ ಬಿಟ್ಟು ಬೇರೆ ದಿನ ಮುಟ್ಟುವಂತಿಲ್ಲ ಎನ್ನುವುದು ಅತ್ತೆಯ ಕಟ್ಟಪ್ಪಣೆ. ಹಾಗಾಗಿ ಅವಳನ್ನು ಅಮಾವಾಸ್ಯೆಗೇ ಕರೆದದ್ದು.

ಸಾನಿಕಾ ಮುಚ್ಚಳಕ್ಕೆ ಮೂಗು ತಾಗಿಸಿ ನೋಡಿದಳು. "ಈ ವಾಸನೆ ಯಾವಾಗಿನಿಂದ ಬರ್ತಿದೆ?"

ವಾಸನೆ ಬರುತ್ತಿತ್ತು, ನಿಜ. ಹುಳಿ ಹುಳಿಯಾದ, ಮೂಗಿಗೆ ಚುಚ್ಚುವ ವಾಸನೆ. ನಾವಿರುವುದು ಎಂಐಡಿಸಿಯ, ಅಂದರೆ ಕಾರ್ಖಾನೆಗಳ ಪ್ರದೇಶದ ಪಕ್ಕ. ಇಲ್ಲಿ ಗಾಳಿ ಯಾವ ಕಡೆಯಿಂದ ಬೀಸಿದರೂ ಒಂದೊಂದು ಕೆಮಿಕಲ್ ಹೊತ್ತು ತರುತ್ತದೆ. ನಾವು ಅದನ್ನು ಫ್ಯಾಕ್ಟರಿಯ ವಾಸನೆ ಅಂದುಕೊಂಡು ಕಿಟಕಿ ಮುಚ್ಚುತ್ತಿದ್ದೆವು. ಕಿಟಕಿ ಮುಚ್ಚಿ ಒಳಗೆ ದೀಪ ಹಚ್ಚುತ್ತಿದ್ದೆವು.

ಬೀಗ ಮುರಿದು ತೆರೆದಾಗ ಒಳಗೆ ಆರು ಡಬ್ಬಿಗಳಿದ್ದವು. ಒಂದರಲ್ಲಿ ರೀಲು ಕರಗಿ ಕಪ್ಪು ಬೆಲ್ಲದ ಹಾಗೆ ಅಂಟಿಕೊಂಡಿತ್ತು. ಮತ್ತೊಂದರಲ್ಲಿ ಕಂದು ಪುಡಿ. ಐದರ ಕತೆಯೂ ಹೆಚ್ಚುಕಡಿಮೆ ಅದೇ. ಆರನೆಯ ಡಬ್ಬಿಯ ಸುರುಳಿ ಮಾತ್ರ ಸುರುಳಿಯಾಗಿಯೇ ಇತ್ತು. ಸಾನಿಕಾಳ ಕಣ್ಣಲ್ಲಿ ನೀರು ಬಂತು. ಆಮೇಲೆ ಮೆಲ್ಲಗೆ, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಆ ಕಾಲದ ಫಿಲಂ ನೈಟ್ರೇಟ್‌ನದು. ಬೆಂಕಿ ತಾಗಿದರೆ ಮದ್ದಿನಂತೆ ಉರಿಯುತ್ತದೆ. ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಹೀಗೆ ಹಳಸಿದ್ದಕ್ಕೆ ಬೆಂಕಿಕಡ್ಡಿಯೂ ಬೇಡ, ಕೋಣೆಯ ಸೆಕೆಯೇ ಸಾಕು.

ಮೇ ತಿಂಗಳು. ಎರಡನೆಯ ಮಹಡಿ. ಬಿಲ್ಡಿಂಗಿನಲ್ಲಿ ಇಪ್ಪತ್ತನಾಲ್ಕು ಮನೆ.

"ಹಾಗಾದರೆ ಈಗಲೇ ತಗೊಂಡು ಹೋಗು ಮಾರಾಯ್ತಿ" ಅಂದೆ. ಲೋಕಲ್ ಟ್ರೈನಿನಲ್ಲಿ ಒಯ್ಯುವ ಹಾಗಿಲ್ಲ, ಆಟೋದಲ್ಲಿ ಒಯ್ಯುವ ಹಾಗಿಲ್ಲ. ಅದಕ್ಕೆ ಬೇರೆಯೇ ಪೆಟ್ಟಿಗೆ, ಬೇರೆಯೇ ಗಾಡಿ ಬೇಕು. ಸಂಸ್ಥೆಯ ಗಾಡಿ ಎಲ್ಲೋ ದೂರ ಹೋಗಿತ್ತು. ಅಂದು ಶುಕ್ರವಾರ, ಗಾಡಿ ಬರುವುದು ಸೋಮವಾರ. ಅಲ್ಲಿಯವರೆಗೆ ಕಿಟಕಿ ತೆರೆದಿಡಿ, ಫ್ಯಾನ್ ಹಾಕಿಡಿ, ಗ್ಯಾಸ್ ಹಚ್ಚಬೇಡಿ, ಆಮೇಲೆ ಬೇರೆ ಯಾವ ಸ್ವಿಚ್ಚೂ ಮುಟ್ಟಬೇಡಿ, ಸೊಸೈಟಿಯವರಿಗೆ ಇವತ್ತೇ ಹೇಳಿ ಅಂದಳು. ಫೈರ್ ಬ್ರಿಗೇಡಿಗೆ ತಾನೇ ತಿಳಿಸುತ್ತೇನೆ ಅಂತ ಫೋನ್ ತೆಗೆದಳು.

"ಇಬ್ಬರಿಗೂ ನಾನೇ ಹೇಳ್ತೇನೆ, ನೀನು ಹೋಗು" ಅಂದೆ. ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಅಂತ ಕೇಳುತ್ತೀರಾ? ಹೇಳಿದ ಮರುಕ್ಷಣ ಸೊಸೈಟಿಯ ಸೆಕ್ರೆಟರಿ ಟ್ರಂಕನ್ನು ಖಾಡಿಯ ಉಪ್ಪುನೀರಿಗೆ ಎಸೆಯಿಸುತ್ತಾರೆ, ಹೆಂಗಸೊಬ್ಬಳ ಇಡೀ ಬದುಕಿನಲ್ಲಿ ಉಳಿದ ಒಂದೇ ಡಬ್ಬಿ ಹೋಗುತ್ತದೆ ಅಂತ ಹೆದರಿದೆ. ಅದು ಅರ್ಧ ಕಾರಣ. ಉಳಿದರ್ಧ ಮರ್ಯಾದೆಯ ಪ್ರಶ್ನೆ. ಯಾವ ಗೋಡೌನಿನಲ್ಲಿ ಯಾವ ವಿಷ ಇಟ್ಟಿದ್ದೀರಿ ಅಂತ ಊರವರಿಗೆ ಹೇಳದ ಫ್ಯಾಕ್ಟರಿಗಳಿಗೆ ಇದೇ ಅಂಕಣದಲ್ಲಿ ನಾನು ಎಷ್ಟು ಸಲ ಉಗಿದಿಲ್ಲ? ಈಗ ನನ್ನ ಮಂಚದ ಪಕ್ಕದಲ್ಲೇ ಗೋಡೌನು.

ನಮ್ಮವರು ಬೇಲಾಪುರದ ಆಫೀಸಿನಿಂದ ಬಂದು ಎಲ್ಲ ಕೇಳಿ, ಒಂದು ಲೋಟ ನೀರು ಕುಡಿದು, ಕೋಪರಖೈರಣೆಯ ತಂಗಿಯ ಮನೆಗೆ ಸೋಮವಾರದವರೆಗೆ ಹೋಗಿಬಿಡೋಣ ಅಂದರು. ನಾನು ಬ್ಯಾಗ್ ತುಂಬಲು ಶುರುಮಾಡಿದೆ. (ಹೌದು, ತುಂಬಿದೆ. ಎರಡು ಸೀರೆ, ಬ್ಯಾಂಕಿನ ಕಾಗದ, ಅತ್ತೆಯ ಮಾತ್ರೆ.) ಅತ್ತೆ ಕುರ್ಚಿ ಬಿಟ್ಟು ಏಳಲಿಲ್ಲ.

"ನಾವು ಹೋದ್ರೆ ಸಾಕಾ? ಮೇಲೆ ಮನುಷ್ಯರಿಲ್ವಾ?" ಅಂದರು. ನಾವಿಬ್ಬರೂ ಬ್ಯಾಗ್ ಕೆಳಗಿಟ್ಟೆವು.

ಶನಿವಾರ ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ನಾನು ಬೀಸಣಿಗೆ ಹಿಡಿದು ಟ್ರಂಕಿಗೆ ಗಾಳಿ ಹಾಕುತ್ತಾ ಕೂತೆ. ಕೂಸಿಗೆ ಗಾಳಿ ಹಾಕುವ ಹಾಗೆ. ಟಿಕ್ ಅಂದರೆ ಬೆಚ್ಚುವುದು, ತಗಡು ಬಿಸಿಯಾಯಿತೇ ಅಂತ ಮುಟ್ಟಿ ನೋಡುವುದು, ನನ್ನ ಕೈಯೇ ಬಿಸಿಯೋ ಅಂತ ಕೆನ್ನೆ ಮುಟ್ಟಿಕೊಳ್ಳುವುದು. ಕೆಳಗಿನ ಮನೆಯವರ ಕುಕ್ಕರು ಕೂಗಿದಾಗ ನಾನು ಎದ್ದು ಬಾಗಿಲಿಗೆ ಓಡಿದ್ದೆ. ಕೆಮಿಕಲ್ ಫ್ಯಾಕ್ಟರಿಯ ಪಕ್ಕದಲ್ಲಿ ಇಷ್ಟು ವರ್ಷ ಬದುಕಿದವಳಿಗೆ ಭಯ ಅಂದರೇನು ಅಂತ ಗೊತ್ತಿದೆ ಅಂದುಕೊಂಡಿದ್ದೆ. ಗೊತ್ತಿರಲಿಲ್ಲ.

ಸಂಜೆ ಆರಕ್ಕೆ ಬ್ಯಾಂಡಿನ ಸದ್ದು ಕೇಳಿಸಿತು. ಯಾರದೋ ಮದುವೆಯ ಮೆರವಣಿಗೆ ನಮ್ಮ ಗಲ್ಲಿಗೆ ತಿರುಗಿತ್ತು. ಕಿಟಕಿಯ ನೇರ ಕೆಳಗೆ ನಿಂತು ಪಟಾಕಿ ಸರಕ್ಕೆ ಬೆಂಕಿ ಕೊಟ್ಟರು. ಕಿಟಕಿ ತೆರೆದಿತ್ತು. ಕಿಡಿ ಮೇಲೆ ಬರುತ್ತಿತ್ತು. ನಮ್ಮವರು ಕಿಟಕಿ ಮುಚ್ಚಿದರು, ನಾನು ಒದ್ದೆ ಚಾದರ ಹಿಡಿದು ಗಾಜಿಗೆ ಬೆನ್ನು ಕೊಟ್ಟು ನಿಂತೆ. ಸರ ಮುಗಿಯುವವರೆಗೆ ಉಸಿರು ಬಿಟ್ಟ ನೆನಪಿಲ್ಲ. ಅತ್ತೆ ಮಾತ್ರ ಟ್ರಂಕಿನ ಪಕ್ಕ ಕೂತು ತುಳುವಿನಲ್ಲಿ ಅದಕ್ಕೆ ಏನೋ ಹೇಳುತ್ತಿದ್ದರು.

ಮೆರವಣಿಗೆ ದಾಟಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು. ಇಷ್ಟು ವರ್ಷ ಹೇಳದೆ ಇದ್ದದ್ದನ್ನು ಅವತ್ತು ಹೇಳಿದರು.

ಮಾತಿನ ಸಿನಿಮಾ ಬಂದ ಮೇಲೆ ರಾಜೀವಿ ದೊಡ್ಡಮ್ಮನನ್ನು ಕರೆಯುವವರಿರಲಿಲ್ಲ. ಕಂಪನಿ ಮುಚ್ಚಿತು. ಅವಳ ಸಿನಿಮಾಗಳನ್ನು ರೀಲಿನಿಂದ ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಹಾಕಿದರು. ಅವಳು ಒಂದು ಸಿನಿಮಾದ ಡಬ್ಬಿಗಳನ್ನು ಆ ಟ್ರಂಕಿಗೆ ತುಂಬಿ ಎತ್ತಿಕೊಂಡು ತಂಗಿಯ ಮನೆಗೆ, ಅಂದರೆ ಅತ್ತೆಯ ತಾಯಿಯ ಮನೆಗೆ ಬಂದಳು. ತಂಗಿಯ ಗಂಡನದು ಕಲ್ಯಾಣ ಸ್ಟೇಷನ್ ಹತ್ತಿರ ಸಣ್ಣ ಹೋಟೆಲು. ಸಿನಿಮಾದವಳು ಅಂತ ಗಿರಾಕಿಗಳಿಗೆ ತಿಳಿದರೆ ಹೋಟೆಲಿನ ಮಾನ ಹೋಗುತ್ತದೆ ಅಂತ ಅವಳನ್ನು ಹಿಂದಿನ ಕೋಣೆಯಲ್ಲಿ ದೋಸೆ ಹಿಟ್ಟು ರುಬ್ಬಲು ಕೂರಿಸಿದರು. ಒಂದು ಕಾಲದಲ್ಲಿ ಅವಳನ್ನು ನೋಡಿ ಶಿಳ್ಳೆ ಹೊಡೆದವರು ಮುಂದಿನ ಬೆಂಚಿನಲ್ಲಿ ಕೂತು ಅವಳು ರುಬ್ಬಿದ್ದನ್ನು ತಿಂದು ಹೋಗುತ್ತಿದ್ದರು.

ಅದನ್ನು ಅವಳು ಸಹಿಸಿದಳು. ಸಹಿಸದೆ ಹೋದದ್ದು ಬೆಂಕಿಯನ್ನು. ಟ್ರಂಕಿನ ಹತ್ತಿರ ಬೀಡಿ ಸೇದಿದವನ ಕಪಾಳಕ್ಕೆ ಹೊಡೆದಳು. ಹಬ್ಬದ ದಿನ ಹೋಟೆಲು ತುಂಬಿದ್ದಾಗ ಉರಿಯುವ ಭಟ್ಟಿಗೆ ನೀರು ಸುರಿದಳು. ಮನೆಯವರಿಗೆ ಸಾಕಾಯಿತು. ಖಾಡಿಯ ಕಡೆ ಒಂದು ಖೋಲಿ ಮಾಡಿ ಟ್ರಂಕಿನ ಸಮೇತ ಅಲ್ಲಿಗೆ ಹಾಕಿದರು. ಅಲ್ಲಿ ಅವಳು ಒಲೆ ಹಚ್ಚಲಿಲ್ಲ, ದೀಪ ಹಚ್ಚಲಿಲ್ಲ. ಕತ್ತಲಲ್ಲಿ ಕೂತಿರುತ್ತಿದ್ದಳು. ಅಕ್ಕಪಕ್ಕದವರು ಭೂತ ಅಂದರು. ದಿನಾ ತಣ್ಣಗಿನ ಊಟ ಒಯ್ಯುತ್ತಿದ್ದದ್ದು ಹನ್ನೆರಡು ವರ್ಷದ ಹುಡುಗಿ, ನಮ್ಮ ಅತ್ತೆ.

"ಒಂದು ದಿವಸ ಹೊತ್ತಾಯ್ತು ಅಂತ ಲಾಟೀನು ತಗೊಂಡು ಹೋದೆ. ಬಾಗಿಲಲ್ಲೇ ಕಿತ್ತು ಬೀದಿಗೆ ಬಿಸಾಡಿದ್ಳು. ನನ್ನನ್ನು ದೂಡಿದ್ಳು. ಎಲ್ರೂ ಸಾಯ್ತೀರಿ, ಎಲ್ರೂ ಸಾಯ್ತೀರಿ ಅಂತ ಕೂಗಿದ್ಳು. ನಾನು ಮನೆಗೆ ಓಡಿ ಬಂದು ಹೇಳಿದೆ, ದೊಡ್ಡಮ್ಮನಿಗೆ ಪೂರಾ ಹುಚ್ಚು ಅಂತ."

ಅವತ್ತಿನಿಂದ ಊಟವನ್ನು ಹೊಸ್ತಿಲ ಹೊರಗೆ ಇಟ್ಟು ಬರುತ್ತಿದ್ದರಂತೆ. ಮೂರು ವರ್ಷದ ಮೇಲೆ ಒಂದು ದಿನ ಹಿಂದಿನ ದಿನದ ಊಟ ಹಾಗೆಯೇ ಇತ್ತು. ಅವಳು ಹೋದ ಮೇಲೆ ಮನೆಯಲ್ಲಿ ಕಾಯಿಲೆಗಳು ಬಂದವು. ಅವಳ ಆತ್ಮಕ್ಕೆ ತೃಪ್ತಿಯಿಲ್ಲ, ಪಾಪ ಕತ್ತಲಲ್ಲೇ ಸತ್ತವಳು, ಅವಳ ಟ್ರಂಕಿಗೆ ದೀಪ ಇಡಿ ಅಂತ ಜೋಯಿಸರು ಹೇಳಿದರು. ತಾಯಿಯ ನಂತರ ಟ್ರಂಕೂ ದೀಪವೂ ಅತ್ತೆಯ ಪಾಲಿಗೆ ಬಂದವು.

"ಅವಳು ಬಾಯಿಬಿಟ್ಟು ಹೇಳಿದ್ಳು, ನಾವು ನಂಬ್ಲಿಲ್ಲ. ಈಗ ನಮಗೆ ಗೊತ್ತುಂಟು, ನಾವು ಹೇಳುದಿಲ್ಲ. ಇದು ಎಂತ ನ್ಯಾಯ?" ಅಂದರು ಅತ್ತೆ.

"ಹೇಳಿದ್ರೆ ಆ ಡಬ್ಬಿ ಹೋಗ್ತದೆ ಅತ್ತೆ. ಅವರದ್ದು ಅಂತ ಉಳಿದಿರುವುದು ಅದೊಂದೇ."

"ಹೋಗ್ಲಿ."

ಭಾನುವಾರ ಬೆಳಿಗ್ಗೆ ನಾನು ಎದ್ದಾಗ ಅತ್ತೆ ವಾಕರ್ ಹಿಡಿದು ಲಿಫ್ಟಿನ ಮುಂದೆ ನಿಂತಿದ್ದರು. ಓಡಿ ಜೊತೆಗೆ ಹೋದೆ. ಸೆಕ್ರೆಟರಿ ಜೋಶಿ ಕಾಕಾ ಪೇಪರ್ ಓದುತ್ತಿದ್ದರು. ಅವರು ಎಂಐಡಿಸಿಯ ಕೆಮಿಕಲ್ ಕಂಪನಿಯೊಂದರಲ್ಲಿ ದುಡಿದು ರಿಟೈರ್ ಆದವರು. ನೈಟ್ರೇಟ್ ಅನ್ನುವ ಪದ ನನ್ನ ಬಾಯಿಂದ ಬಿದ್ದದ್ದೇ ಪೇಪರ್ ಮಡಚಿದರು. ಬೈಯಲಿಲ್ಲ, ಕೂಗಲಿಲ್ಲ. "ವಹಿನಿ, ಯಾವಾಗಿನಿಂದ ಗೊತ್ತು?" ಅಂತ ಮಾತ್ರ ಕೇಳಿದರು. ಶುಕ್ರವಾರದಿಂದ ಅಂದೆ. ಅವರು ನೋಡಿದ ನೋಟಕ್ಕಿಂತ ಎರಡು ಏಟು ಹೊಡೆದಿದ್ದರೆ ಹಾಯಾಗಿರುತ್ತಿತ್ತು.

ಅರ್ಧ ಗಂಟೆಯಲ್ಲಿ ಮೇನ್ ಸ್ವಿಚ್ ಆಫ್ ಆಯಿತು, ಇಪ್ಪತ್ತನಾಲ್ಕು ಮನೆಯವರೂ ಕೆಳಗಿಳಿದರು. ಅರ್ಧ ಸ್ನಾನ ಮಾಡಿದವರು, ಚಹಾದ ಕಪ್ಪು ಹಿಡಿದೇ ಬಂದವರು, ಬಾಣಂತಿಯೊಬ್ಬಳು ಕೂಸು ಅವಚಿಕೊಂಡು. ಆ ಕೂಸನ್ನು ನೋಡಿದ ಮೇಲೆ ನನಗೆ ತಲೆ ಎತ್ತಲಾಗಲಿಲ್ಲ. ಫೈರ್ ಬ್ರಿಗೇಡಿನವರು ಬಂದು ಡಬ್ಬಿಗಳನ್ನು ಒಂದೊಂದಾಗಿ ಮರಳಿನ ಬಕೆಟ್ಟಿನಲ್ಲಿಟ್ಟು ಹಿಂದಿನ ಮೈದಾನಕ್ಕೆ ಒಯ್ದರು. ಸಾನಿಕಾ ಯಾರದೋ ಕೈಕಾಲು ಹಿಡಿದು ಬೇರೆ ಗಾಡಿ ಹೊಂದಿಸಿಕೊಂಡು ಮಧ್ಯಾಹ್ನವೇ ಬಂದಳು. ಐದು ಡಬ್ಬಿಗಳನ್ನು ನಾಶ ಮಾಡಲೇಬೇಕು ಅಂದರು ಆಫೀಸರು. ಆರನೆಯದಕ್ಕಾಗಿ ಅವಳು ಅವರೊಂದಿಗೆ ಒಂದು ಗಂಟೆ ವಾದ ಮಾಡಿ, ಹತ್ತು ಕಡೆ ಸಹಿ ಹಾಕಿ, ತಣ್ಣಗಿನ ಪೆಟ್ಟಿಗೆಯಲ್ಲಿಟ್ಟುಕೊಂಡಳು.

ಇಷ್ಟು ಸಣ್ಣ ವಸ್ತುವಿಗೆ ಇಷ್ಟೆಲ್ಲ ಯಾಕೆ ಅಂತ ಯಾರೋ ಗೊಣಗಿದರು. ಆಫೀಸರು ಹಾಳಾದ ರೀಲಿನಿಂದ ಬೆರಳುದ್ದದ ಒಂದು ತುಂಡನ್ನು ಉದ್ದ ಕೋಲಿಗೆ ಸಿಕ್ಕಿಸಿ ಬೆಂಕಿ ತಾಗಿಸಿದರು. ಬುಸ್ ಅಂತ ಬಿಳಿ ಬೆಂಕಿ ಎದ್ದಿತು. ಅದನ್ನು ಹಾಗೇ ನೀರಿನ ಬಕೆಟ್ಟಿಗೆ ಮುಳುಗಿಸಿದರು. ನೀರಿನೊಳಗೂ ಉರಿಯಿತು. ಗೊಣಗಿದವರು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ಇವತ್ತಿಗೂ ಲಿಫ್ಟಿನಲ್ಲಿ ಹಾಗೆಯೇ ನೋಡುತ್ತಾರೆ. ನೋಡಲಿ, ಅವರ ತಪ್ಪಿಲ್ಲ.

ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಆ ಬಕೆಟ್ಟನ್ನೇ ನೋಡುತ್ತಿದ್ದರು. ಹೊಗೆ ನಿಂತ ಮೇಲೂ ನೋಡುತ್ತಿದ್ದರು.

ಮೊನ್ನೆ ಸಾನಿಕಾಳ ಫೋನ್ ಬಂತು. ಆರನೆಯ ಡಬ್ಬಿಯಿಂದ ನಾಲ್ಕು ನಿಮಿಷದಷ್ಟು ಚಿತ್ರ ಉಳಿಯುತ್ತದಂತೆ. ಅವಳು ಹಳೆಯ ಪತ್ರಿಕೆಗಳನ್ನೂ ಹುಡುಕಿದ್ದಾಳೆ. ಕಂಪನಿಯ ರೀಲು ಜೋಡಿಸುವ ಕೋಣೆಗೆ ಬೆಂಕಿ ಬಿದ್ದದ್ದು, ಒಳಗಿದ್ದ ಇಬ್ಬರು ಹೊರಗೆ ಬಾರದೇ ಹೋದದ್ದು, ಮಿಸ್ ಮಂದಾರ ಆ ದಿನ ಅಂಗಳದಲ್ಲೇ ಇದ್ದದ್ದು, ಎಲ್ಲ ಒಂದು ಸಣ್ಣ ಸುದ್ದಿಯಲ್ಲಿದೆಯಂತೆ. ಚಿತ್ರ ತೋರಿಸುವ ಮುಂಚೆ ಅವಳ ಬಗ್ಗೆ ನಾಲ್ಕು ಸಾಲು ಹಾಕಬೇಕು. ಎಲ್ಲೋ ಒಂದು ಕಡೆ 'ಕೊನೆಗಾಲದಲ್ಲಿ ಬುದ್ಧಿಭ್ರಮಣೆಯಾಗಿತ್ತು' ಅಂತಿದೆ, ಹಾಗೇ ಬರೆಯಲಾ ಅಂತ ಕೇಳಿದಳು.

ಸ್ಪೀಕರಿನಲ್ಲಿ ಕೇಳುತ್ತಿದ್ದ ಅತ್ತೆ ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ಅವರ ಹಿಂದಿ ಅಷ್ಟಕ್ಕಷ್ಟೇ, ಆದರೂ ತಡವರಿಸಲಿಲ್ಲ.

"ಹುಚ್ಚಿ ಅಂತ ಹೇಳಿದ್ದು ನಾನು. ಅದು ಸುಳ್ಳು. ಹೆದರಿದ್ದಳು ಅಂತ ಬರಿ. ನಮ್ಮೆಲ್ಲರ ಸಲುವಾಗಿ ಅವಳೊಬ್ಬಳೇ ಹೆದರಿದ್ದಳು ಅಂತ ಬರಿ."

ನಿಮ್ಮ ಮನೆಯಲ್ಲಿ ಈಗ ಯಾರು ಹೆದರಿಕೊಂಡಿದ್ದಾರೆ, ಯಾಕೆ ಅಂತ ಕೇಳಿದ್ದೀರಾ?