ದೋಹಾದ ಬಿಸಿಲಿಗೆ ಬಾವಂಚಿ ಎಣ್ಣೆ

ನಾವಿದ್ದ ದೋಹಾದಲ್ಲಿ ಫುಟ್‌ಬಾಲ್ ವಿಶ್ವಕಪ್ಪಿಗೆ ಇನ್ನೂ ಮೂರು ವರ್ಷವಿತ್ತು. ನನ್ನ ಬಲಗೈ ಬೆರಳ ತುದಿಗಳು ಬೆಳ್ಳಗಾದವು, ಆಮೇಲೆ ಮಣಿಕಟ್ಟಿನಲ್ಲೂ ಒಂದು ಬಿಳಿ ಮಚ್ಚೆ ಮೂಡಿತು. ತೊನ್ನು ಎಂಬ ಮಾತನ್ನು ಮನೆಯಲ್ಲಿ ನಾನೂ ಆಡಲಿಲ್ಲ, ಗಂಡನೂ ಆಡಲಿಲ್ಲ.

ರಜೆಗೆ ಮೈಸೂರಿಗೆ ಹೋದಾಗ ವಯಸ್ಸಾದ ವೈದ್ಯರೊಬ್ಬರಿಗೆ ತೋರಿಸಿದೆ. ಕುಡಿಯಲು ಕಷಾಯ, ಹಚ್ಚಲು ಬಾವಂಚಿ ಬೀಜದ ಎಣ್ಣೆ ಕೊಟ್ಟರು. "ಎಣ್ಣೆ ಹಚ್ಚಿ ಎಳೆಬಿಸಿಲಲ್ಲಿ ಹತ್ತು ನಿಮಿಷ ಕೂರಿ. ಮಣಿಕಟ್ಟಿಗೆ ಬಣ್ಣ ಬರಬಹುದು. ಬೆರಳ ತುದಿ ಕಷ್ಟ ಅಮ್ಮ, ಆಸೆ ಹುಟ್ಟಿಸೋದಿಲ್ಲ," ಎಂದರು.

ನನಗೆ ಕೇಳಿಸಿದ್ದು ಬಣ್ಣ ಬರುತ್ತದೆ ಎಂಬುದಷ್ಟೇ. ದೋಹಾಕ್ಕೆ ಮರಳಿದ ಮೇಲೆ, ಜೂನ್ ತಿಂಗಳಲ್ಲಿ, ಅಲ್ ಸದ್ದ್ ಬಡಾವಣೆಯ ನಮ್ಮ ಬಾಲ್ಕನಿಯಲ್ಲಿ ಎಣ್ಣೆ ಹಚ್ಚಿಕೊಂಡು ಅರ್ಧ ಗಂಟೆ ಕೂತೆ. ಮರುದಿನ ಕೈತುಂಬ ನೀರುಗುಳ್ಳೆ. ವೆಸ್ಟ್ ಬೇಯ ಆಫೀಸಿಗೆ ರಜೆ ಹಾಕಿದೆ.

ವೈದ್ಯರಿಗೆ ಫೋನ್ ಮಾಡಿದೆ. "ತಪ್ಪು ನಂದೂ ಇದೆ. ನಾನು ಹೇಳಿದ್ದು ನಮ್ಮೂರ ಬಿಸಿಲಿನ ಲೆಕ್ಕ. ಎಣ್ಣೆ ನಿಲ್ಲಿಸಿ, ಅಲ್ಲೇ ಚರ್ಮದ ಡಾಕ್ಟರಿಗೆ ತೋರಿಸಿ," ಎಂದರು.

ಮೇಲಿನ ಮಹಡಿಯಲ್ಲಿ ಪುತ್ತೂರು ಕಡೆಯ ಬ್ಯಾರಿ ಹೆಂಗಸೊಬ್ಬರಿದ್ದರು. ಸುದ್ದಿ ತಿಳಿದು ಗಂಜಿ ತಂದರು. ನಾನು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಅಡಗಿಸುದು ಎಂತಕೆ ಅಕ್ಕ? ನನ್ನ ಉಮ್ಮನಿಗೂ ಇತ್ತು. ಅವರ ಕೈತುತ್ತು ತಿಂದೇ ನಾವು ಆರು ಮಕ್ಕಳು ಬೆಳೆದದ್ದು," ಎಂದು ಅವರೇ ಚಮಚದಲ್ಲಿ ಗಂಜಿ ತಿನ್ನಿಸಿದರು. ಆ ದಿನ ಮೊದಲ ಬಾರಿ ಅತ್ತುಬಿಟ್ಟೆ.

ಗಾಯ ಮಾಯ್ದ ಮೇಲೆ, ಮೈಸೂರಿನ ವೈದ್ಯರನ್ನೂ ದೋಹಾದ ಚರ್ಮದ ಡಾಕ್ಟರನ್ನೂ ಕೇಳಿಕೊಂಡು, ಚಳಿಗಾಲದಲ್ಲಿ ಮಾತ್ರ, ಎರಡೇ ನಿಮಿಷದಿಂದ ಮತ್ತೆ ಶುರು ಮಾಡಿದೆ. ಮಣಿಕಟ್ಟಿನ ಬಿಳುಪಿನಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆಗಳು ಮೂಡಿ, ನಿಧಾನವಾಗಿ ಕೂಡಿಕೊಂಡವು. ಬೆರಳುಗಳು ಹಾಗೇ ಉಳಿದವು. ಅಷ್ಟರಲ್ಲಿ ಕೊರೊನಾ ಬಂತು. ಕೈಗವಸು ತೊಟ್ಟರೆ ಯಾರೂ ಏಕೆಂದು ಕೇಳುತ್ತಿರಲಿಲ್ಲ. ಎಲ್ಲರೂ ಬಿಟ್ಟ ಮೇಲೂ ನಾನು ಬಿಡಲಿಲ್ಲ.

ವಿಶ್ವಕಪ್ಪಿಗೆ ಸ್ವಯಂಸೇವಕಿಯಾಗಿ ಮೆಟ್ರೊ ನಿಲ್ದಾಣವೊಂದರಲ್ಲಿ ನಿಂತೆ. ದಾರಿ ಕೇಳುವವರ ಸಾಲು ಬೆಳೆಯುತ್ತಿತ್ತು. ಗವಸಿನ ಬೆರಳಿಗೆ ಫೋನಿನ ನಕಾಶೆ ಸರಿಯುತ್ತಿರಲಿಲ್ಲ. ಎರಡು ಸಲ ಉಜ್ಜಿ ನೋಡಿದೆ, ಗವಸು ಬಿಚ್ಚಿ ಚೀಲಕ್ಕೆ ಹಾಕಿದೆ. ಕೆಲವರು ನನ್ನ ಕೈ ನೋಡಿದರು. ಹೆಚ್ಚಿನವರು ದಾರಿ ತಿಳಿದು ಹೊರಟುಹೋದರು.

ಆ ವಾರವೇ ಮೈಸೂರಿನ ವೈದ್ಯರಿಗೆ ಫೋನಿನಲ್ಲಿ ಹೇಳಿದೆ, ಬೆರಳು ಬದಲಾಗಲಿಲ್ಲವೆಂದು.

"ಇನ್ನು ಎಣ್ಣೆ ಸಾಕು ಅಮ್ಮ," ಎಂದರು.

"ಸರಿ," ಎಂದೆ. ನಿಲ್ಲಿಸಲೇ ಎಂದು ನಾನೇ ಕೇಳಬೇಕೆಂದಿದ್ದೆ.