ನಿಕ್ರೋಮ್ ಮೇಷ್ಟ್ರು

ಹೋದ ಭಾನುವಾರ ಬೆಳಿಗ್ಗೆ ನಮ್ಮ ತುಮಕೂರಿನ ಮನೆಯ ಅಡುಗೆಮನೇಲಿ ಅಮ್ಮ, ನಾನು ಇಬ್ಬರೇ. ಅಪ್ಪ ನಡುಮನೇಲಿ ಪೇಪರ್ ಹಿಡಿದು ಕೂತಿದ್ದ. ಕುಕ್ಕರ್ ಇನ್ನೂ ಒಂದು ಸಲವೂ ಕೂಗಿರಲಿಲ್ಲ, ಗ್ಯಾಸು ಮುಗಿದೇಹೋಯಿತು. "ಅಟ್ಟದ ಮೇಲೆ ಕಾಯಿಲ್ ಒಲೆ ಐತೆ, ಇಳಿಸೇ" ಅಂದಳು ಅಮ್ಮ. ಇಳಿಸಿ, ಧೂಳು ಒರೆಸಿ, ಪ್ಲಗ್ಗಿಗೆ ಹಾಕಿದೆ. ಬಿಳಿ ಮಣ್ಣಿನ ಬಿಲ್ಲೆಯಲ್ಲಿ ಸುತ್ತು ಸುತ್ತಾಗಿ ಕೂತಿದ್ದ ತಂತಿ ಮೆಲ್ಲಗೆ ಕೆಂಪಾಯಿತು. ಉಳಿದ ಧೂಳು, ಯಾವ ಕಾಲದಲ್ಲೋ ಉಕ್ಕಿ ಕರಕಲಾಗಿದ್ದ ಹಾಲು, ಎಲ್ಲಾ ಸೇರಿ ಒಂದು ಸುಟ್ಟ ವಾಸನೆ ಎದ್ದಿತು... ನಡುಮನೇಲಿ ಪೇಪರ್ ಮಗುಚುವ ಸದ್ದು ನಿಂತಿತು. ಆ ವಾಸನೆ ಅಪ್ಪನಿಗೂ ಗೊತ್ತು. ನನಗಂತೂ ಮೇಷ್ಟ್ರು ಕಣ್ಣ ಮುಂದೆ ಬಂದು ನಿಂತರು.

ಆಗ ನಾವು ಗುಬ್ಬಿಯಲ್ಲಿದ್ದೆವು. ಅಪ್ಪನಿಗೆ ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕರೆಂಟಿನ ಕೆಲಸ. ಬೀದಿಯಲ್ಲಿ ಯಾರ ಮನೆ ಫ್ಯೂಸ್ ಹೋದರೂ ಅಪ್ಪನನ್ನೇ ಕೂಗೋರು. ಹಾಗಾಗಿ ಹತ್ತನೇ ಕ್ಲಾಸಿಗೆ ಬರೋ ಹೊತ್ತಿಗೆ ನನಗೆ, ವಿದ್ಯುತ್ತಿನ ಪಾಠ ಅಂದರೆ ನಮ್ಮನೆ ಆಸ್ತಿ ಅನ್ನೋ ಜಂಬ.

ಫಿಸಿಕ್ಸ್ ಮೇಷ್ಟ್ರು ಕುಣಿಗಲ್ ಕಡೆಯವರು. ತೆಳ್ಳನೆ ಆಳು, ಮೊಣಕೈವರೆಗೂ ಚಾಕ್ ಪುಡಿ. ಉಷ್ಣದ ಲೆಕ್ಕ ಕೊಟ್ಟರೆ ಅದರಲ್ಲಿ ಹಂಡೆ ಬಿಸಿನೀರು, ಕೊಡ ತಣ್ಣೀರು ಇರಲೇಬೇಕು. ಉತ್ತರದ ಮುಂದೆ ಏಕಮಾನ ಬರೆಯದಿದ್ದರೆ ಮಾತ್ರ ರೇಗೋರು: "ಐದು ಅಂತ ಬರ್ದಿದೀಯಲ್ಲೋ, ಏನೋ ಐದು? ಐದು ಎಮ್ಮೇನಾ?" ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಅವರೂ ನಗೋರು.

ಒಂದು ದಿನ ಮನೆಗೆಲಸ ಕೊಟ್ಟರು. ಮನೇಲಿರೋ ಬಲ್ಬು, ಫ್ಯಾನು, ಒಲೆ ಎಲ್ಲದರ ಮೇಲೂ ಬರೆದಿರೋ ವ್ಯಾಟ್ ನೋಡಿಕೊಳ್ಳಿ, ಎಷ್ಟು ಗಂಟೆ ಉರೀತು ಅಂತ ಬರ್ಕೊಳ್ಳಿ, ಗುಣಿಸಿ, ಒಂದು ದಿನಕ್ಕೆ ಎಷ್ಟು ಯೂನಿಟ್ ಆಯ್ತು ಅಂತ ಲೆಕ್ಕ ಹಾಕಿ. ಆಮೇಲೆ ಮೀಟರ್ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಬರಬೇಕು.

ನನ್ನ ಲೆಕ್ಕಕ್ಕೆ ಐದು ಯೂನಿಟ್ ಬಂತು. ಅದರಲ್ಲಿ ನಾಲ್ಕು ಈ ಕಾಯಿಲ್ ಒಲೆಯದೇ. ಎರಡು ಸಾವಿರ ವ್ಯಾಟ್, ಎರಡು ಗಂಟೆ. ಬಚ್ಚಲುಮನೇಲಿ ಮನೆಮಂದಿಯ ಸ್ನಾನದ ನೀರೆಲ್ಲ ಅದರ ಮೇಲೇ ಕಾಯುತ್ತಿತ್ತು. ಆದರೆ ಮೀಟರ್ ಮುಂದೆ ಹೋಗಿದ್ದು ಒಂದೇ ಯೂನಿಟ್. ಮೂರು ಸಲ ಗುಣಿಸಿದೆ, ಲೆಕ್ಕ ಅಲ್ಲಾಡಲಿಲ್ಲ. ಮಾರನೇ ದಿನ ಹಾಗೇ ಬೋರ್ಡಿನ ಮೇಲೆ ಬರೆದೆ.

ಹಿಂದಿನ ಬೆಂಚಿನಲ್ಲಿ ಮೀಟರ್ ರೀಡರ್ ಒಬ್ಬರ ಮಗನಿದ್ದ. "ಸಾರ್, ಇವ್ಳ ಮನೆ ಮೀಟ್ರು ಗೊರಕೆ ಹೊಡೀತೈತೆ! ನಮ್ಮಪ್ಪಂಗೆ ಹೇಳ್ತೀನಿ ಬುಡಿ" ಅಂದ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಬೋರ್ಡನ್ನೇ ನೋಡುತ್ತಾ ನಿಂತರು. ಆಮೇಲೆ, ಯಾವತ್ತೂ ಇಲ್ಲದಷ್ಟು ಗಟ್ಟಿ ದನಿಯಲ್ಲಿ ಹೇಳಿದರು: "ಮೀಟರ್ ಸರಿಯಾಗೇ ಇದೆ. ತಪ್ಪಿರೋದು ಲೆಕ್ಕದಲ್ಲಿ. ಒಲೆ ತಂತಿ ಕಾದಾಗ ಅದರ ರೋಧ ನಾಲ್ಕೈದು ಪಟ್ಟು ಏರುತ್ತೆ, ಕರೆಂಟು ಅಷ್ಟೇ ಇಳಿಯುತ್ತೆ. ಒಲೆ ಮೇಲೆ ಬರೆದಿರೋ ವ್ಯಾಟ್ ನಂಬಬಾರದು. ಇದನ್ನ ನಾನು ಮುಂಚೇನೇ ಹೇಳಬೇಕಾಗಿತ್ತು, ಹೇಳಲಿಲ್ಲ. ತಪ್ಪು ನಂದು."

ಅಲ್ಲಿಗೆ ಕೂತಿದ್ದರೆ ಆಗುತ್ತಿತ್ತು. ಕೂರಲಿಲ್ಲವಲ್ಲ ನಾನು... "ಸಾರ್, ಒಲೆ ತಂತಿ ನಿಕ್ರೋಮಿಂದು. ಮಿಶ್ರಲೋಹ. ಕಾದರೂ ರೋಧ ಹೆಚ್ಚೇನೂ ಬದಲಾಗಲ್ಲ. ನೀವೇ ಹೇಳಿಕೊಟ್ಟಿದ್ದು" ಅಂದೆ.

ಮೇಷ್ಟ್ರ ಕಿವಿ ಕೆಂಪಾದವು. "ಹೌದಾ? ನೋಡ್ತೀನಿ. ಕೂತ್ಕೊಳವ್ವ" ಅಂದು ಬೋರ್ಡು ಒರೆಸಿಬಿಟ್ಟರು. ಬೆಲ್ ಹೊಡೆಯುವಷ್ಟರಲ್ಲಿ ಅವರಿಗೆ ಹೆಸರು ಬಿದ್ದಾಗಿತ್ತು. ಅವತ್ತಿಂದ ಅವರು ಕಾರಿಡಾರಿನಲ್ಲಿ ಬರುತ್ತಿದ್ದರೆ, "ಲೇ, ನಿಕ್ರೋಮ್ ಬಂತು ಕಣ್ರೋ!"

ರಾತ್ರಿ ಊಟಕ್ಕೆ ಕೂತಾಗ ಬೀಗುತ್ತಾ ಹೇಳಿದೆ: "ನಮ್ ಮೇಷ್ಟ್ರಿಗೆ ಫಿಸಿಕ್ಸೇ ಬರಲ್ಲ ಕಣಪ್ಪ." ನಡೆದದ್ದನ್ನೆಲ್ಲ ಒಪ್ಪಿಸಿದೆ, ಮೀಟರ್ ರೀಡರ್ ಮಗನ ಮಾತೂ ಸೇರಿಸಿ. ಮುದ್ದೆ ಮುರಿಯುತ್ತಿದ್ದ ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಅಮ್ಮ ಅಪ್ಪನ ಮುಖ ನೋಡಿದಳು.

"ಮೇಷ್ಟ್ರು ಹೇಳಿದ್ದೇ ಸರಿ ಕಣವ್ವ. ಸುಮ್ನಿರು" ಅಂದ ಅಪ್ಪ.

"ಅಯ್ಯೋ, ನೀನೂ ಹಂಗೇ ಅಂತೀಯಲ್ಲಪ್ಪ!" ಅಂತ ನಾನು ಅತ್ತೇಬಿಟ್ಟೆ.

ಆ ವಾರ ಅಪ್ಪ ಬಚ್ಚಲುಮನೆಯ ವೈರಿಂಗನ್ನು ಬಿಚ್ಚಿ ಹೊಸದಾಗಿ ಎಳೆದ. ಯಾಕಪ್ಪ ಅಂದರೆ, "ಹಳೇದಾಗಿತ್ತು" ಅಂದ. ನನಗೆ ಮಾತ್ರ ಮೇಷ್ಟ್ರನ್ನು ಸೋಲಿಸುವ ಹಟ. ಮತ್ತೆ ಅಳೆದೆ. ಅದೇ ಒಲೆ, ಅದೇ ಎರಡು ಗಂಟೆ. ಈ ಸಲ ಮೀಟರಿನಲ್ಲೂ ಐದು! ಕುಣಿಯುತ್ತಾ ಸ್ಟಾಫ್ ರೂಮಿಗೆ ಓಡಿದೆ: "ನೋಡಿ ಸಾರ್, ನನ್ ಲೆಕ್ಕಾನೇ ಸರಿ!"

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ಅವರ ಮುಖ ಸಡಿಲವಾದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೆಂಪು ಪೆನ್ನಿನಿಂದ ರೈಟ್ ಹಾಕಿದರು. "ನಿಂದೇ ಸರಿ ಕಣವ್ವ, ಯಾವಾಗ್ಲೂ ಸರಿಯಾಗೇ ಇತ್ತು. ನಿಮ್ಮಪ್ಪನಿಗೆ ನನ್ನ ನಮಸ್ಕಾರ ಹೇಳು" ಅಂದರು.

ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಟ್ಟಿರಬಹುದು. ಅಪ್ಪನಿಗೆ ಯಾಕೆ ನಮಸ್ಕಾರ... ಒಲೆ ಅದೇ, ಗಂಟೆ ಅದೇ, ಬದಲಾಗಿದ್ದು ವೈರು. ಅಲ್ಲಿಯವರೆಗೆ ಆ ಒಲೆಯ ಕರೆಂಟು ಮೀಟರ್ ಮುಟ್ಟದೇ ಬರುತ್ತಿತ್ತು. ಬೀದಿಯವರೆಲ್ಲ ನಂಬಿದ್ದ ನಮ್ಮಪ್ಪ ಕರೆಂಟು ಕದಿಯುತ್ತಿದ್ದ, ನಾನು ಅದನ್ನ ಬಿಡಿಬಿಡಿಯಾಗಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ. ಸಿಕ್ಕಿಬಿದ್ದಿದ್ದರೆ ಲೈನೂ ಹೋಗುತ್ತಿತ್ತು, ಮಾನವೂ ಹೋಗುತ್ತಿತ್ತು, ಕೆಲಸವೂ ಉಳಿಯುತ್ತಿರಲಿಲ್ಲ. ಅದನ್ನು ತಪ್ಪಿಸೋಕೆ ಮೇಷ್ಟ್ರು ತಾವು ಕಲಿತ ವಿದ್ಯೆಯನ್ನೇ ತಪ್ಪಾಗಿ ಹೇಳಿದ್ದರು. ಅದನ್ನೂ ನಾನು ಎದ್ದು ನಿಂತು ತಿದ್ದಿದ್ದೆ.

ಆ ನಮಸ್ಕಾರವನ್ನು ಅಪ್ಪನಿಗೆ ಮುಟ್ಟಿಸಲಿಲ್ಲ. ಹೇಳಿದರೆ ನನಗೆ ಗೊತ್ತಾಗಿದೆ ಅಂತ ಅಪ್ಪನಿಗೆ ಗೊತ್ತಾಗುತ್ತಿತ್ತಲ್ಲ. ಮೇಷ್ಟ್ರು ಮಾತ್ರ ವರ್ಗವಾಗಿ ಹೋಗೋವರೆಗೂ ನಿಕ್ರೋಮ್ ಮೇಷ್ಟ್ರಾಗೇ ಉಳಿದರು. ಹಾಗೆ ಕೂಗಿದ್ದಕ್ಕೆ ಒಂದು ದಿನವೂ ಯಾರನ್ನೂ ಗದರಲಿಲ್ಲ.

ಭಾನುವಾರ ಅದೇ ಒಲೆ ಮೇಲೆ ಅನ್ನ ಆಯಿತು. ಈಗ ಕ್ಷಮೆ ಕೇಳೋಣ ಅಂದರೆ ಮೇಷ್ಟ್ರಿಲ್ಲ... ಹೋದ ವರ್ಷ ಕುಣಿಗಲ್ಲಿನ ತಮ್ಮ ಮನೆಯಲ್ಲೇ ತೀರಿಕೊಂಡರು.

ಸುದ್ದಿ ಬಂದಾಗ ಅಪ್ಪನೇ ಅಂಗಿ ಹಾಕಿಕೊಂಡು ಹೊರಟು ನಿಂತಿದ್ದ. ಬಸ್ಸಿನಲ್ಲಿ ಕೊನೆಗೂ ಹೇಳಿದೆ: "ಅವತ್ತು ಮೇಷ್ಟ್ರು ನಿಂಗೆ ನಮಸ್ಕಾರ ಹೇಳಿದ್ರು ಕಣಪ್ಪ." ಅಪ್ಪ ಕಿಟಕಿ ಕಡೆ ತಿರುಗಿ, "ಅವತ್ತೇ ಹೇಳ್ಬಾರ್ದಾಗಿತ್ತೇನವ್ವ?" ಅಂದ, ಅಷ್ಟೇ.

ಮೇಷ್ಟ್ರ ಮನೆ ಮುಂದೆ ಶಾಮಿಯಾನ ಹಾಕಿದ್ದರು. ಮಗಳು ದೂರದಿಂದ ಬರಬೇಕಂತೆ, ಅಲ್ಲಿಯವರೆಗೆ ಮೇಷ್ಟ್ರನ್ನು ಫ್ರೀಜರ್ ಬಾಕ್ಸಿನಲ್ಲಿ ಮಲಗಿಸಿದ್ದರು. ನಾನು ಒಳಗೆ ಹೊರಟೆ. ಅಪ್ಪ ಬರಲಿಲ್ಲ, ಗೇಟಿನ ಹತ್ತಿರವೇ ನಿಂತ. ಆಮೇಲೆ ತಲೆ ಎತ್ತಿ ನೋಡಿದ. ಬಾಕ್ಸಿಗೂ ಟ್ಯೂಬ್‌ಲೈಟುಗಳಿಗೂ ಬೀದಿ ಕಂಬದ ತಂತಿಯಿಂದಲೇ ಕೊಕ್ಕೆ ಸಿಕ್ಕಿಸಿ ಕರೆಂಟು ಎಳೆದಿದ್ದರು.

"ಇದ್ನ ತೆಗೀಪ್ಪ. ಮನೆ ಮೀಟ್ರಿಂದ ಕೊಡು" ಅಂದ ಅಪ್ಪ.

"ಎಲ್ಲಾ ಕಡೆ ಹಿಂಗೇ ಅಲ್ವಾ ಯಜಮಾನ್ರೇ ಹಾಕೋದು? ಒಂದ್ ರಾತ್ರಿಗೆ ಏನಾಯ್ತದೆ?" ಅಂದ ಶಾಮಿಯಾನದವನು.

"ಇವ್ರಿಗೆ ಬೇಡ."

ಅಪ್ಪನೇ ಒಣಗಿದ ಬಿದಿರು ಗಳ ತಂದು ಕೊಕ್ಕೆ ಬಿಡಿಸಿದ. ವೈರನ್ನು ಸುತ್ತಿ ತಂದು ಮನೆಯ ಬೋರ್ಡಿಗೆ ಕೊಟ್ಟ. ಬಾಕ್ಸು ಮತ್ತೆ ಗುಯ್ ಅಂದಿತು. ಮೀಟರಿನ ಕೆಂಪು ದೀಪ ಬೇಗ ಬೇಗ ಮಿಣುಕತೊಡಗಿದ್ದನ್ನು ಒಂದು ಗಳಿಗೆ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದ.